ಒಂದು ಮನೆ ಕೆಳಗೆ

ಅರ್ಜಿಯ ಏಳನೇ ಕಲಮಿನಲ್ಲಿ 'ಕೀ' ಎಂದು ಇತ್ತು. ಅದು ಪಿಯಾನೋ ಪರೀಕ್ಷೆಯ ಅರ್ಜಿ, ಲಂಡನ್ನಿನಲ್ಲಿ ಅಚ್ಚಾದದ್ದು. ಇರುವುದು ಒಂದೇ ಪ್ರತಿ, ತಪ್ಪಾದರೆ ಬೇರೆ ಸಿಗುವುದಿಲ್ಲ ಎಂದು ನಾನು ಅದೇ ಅಳತೆಯ ಬಿಳಿ ಕಾಗದದಲ್ಲಿ ಎರಡು ಸಲ ಟೈಪು ಮಾಡಿ ಅಭ್ಯಾಸ ಮಾಡಿಕೊಂಡಿದ್ದೆ. ಹೆಸರು, ತಂದೆಯ ಹೆಸರು, ವಯಸ್ಸು, ನುಡಿಸುವ ಕೃತಿ, ಎಲ್ಲ ಆಯಿತು. ಕೀ ಎಂದರೆ ಬೀಗದ ಕೈ ಎಂಬುದಷ್ಟೇ ನನಗೆ ಗೊತ್ತು. ಪರೀಕ್ಷೆಗೂ ಬೀಗದ ಕೈಗೂ ಏನು ಸಂಬಂಧವೋ ತಿಳಿಯದೆ, ಪಿಯಾನೋ ಒರೆಸುತ್ತಿದ್ದ ವಾಸಪ್ಪನನ್ನು ಕೇಳಿದೆ.

"ವಾಸಪ್ಪಣ್ಣ, ಪಿಯಾನೋದ ಬೀಗದ ಕೈ ಯಾರ ಹತ್ತಿರ ಇದೆ?"

"ಅದು ಕಳ್ದು ಎರಡು ವರ್ಷ ಆತಲ್ರಿ ಸರೋಜಮ್ಮ. ಇದ್ನ ಯಾರು ಕದೀತಾರೆ? ಎತ್ತಕ್ಕೆ ಎಂಟು ಜನ ಬೇಕು. ಎಂಟು ಜನ ಸೇರಿ ಕದಿಯೋ ಒಗ್ಗಟ್ಟು ಸಾಗರದಲ್ಲಿ ಎಲ್ಲಿದೆ?"

ಪಿಯಾನೋ ಮುಂದೆ ಕುಳಿತಿದ್ದ ಅವನ ಮಗಳು ಮೂಕಮ್ಮ ತಿರುಗಿ ನೋಡಿದಳು.

"ಬೀಗ ಅಲ್ಲ ಸರೋಜಕ್ಕ. ಯಾವ ಮನೆಯಿಂದ ಎತ್ತೋದು ಅಂತ ಕೇಳ್ತಿದಾರೆ. ಬಿಳಿ ಒಂದು ಅಂತ ಬರೀರಿ."

ಹಾರ್ಮೋನಿಯಂ ನುಡಿಸುವವರು ಪಟ್ಟಿಯ ಒಂದೊಂದು ಕೀಲಿಗೂ ಮನೆ ಎನ್ನುತ್ತಾರೆ. ಬಿಳಿ ಮನೆಗಳನ್ನು ಬೇರೆ, ಕಪ್ಪು ಮನೆಗಳನ್ನು ಬೇರೆ ಎಣಿಸುತ್ತಾರೆ. ಹಾಡುವವರ ಗಂಟಲಿಗೂ ಅದೇ ಲೆಕ್ಕ. ಅವರದು ಕಪ್ಪು ಒಂದು, ಇವರದು ಬಿಳಿ ನಾಲ್ಕು ಎಂದು ಮಾತಾಡಿಕೊಳ್ಳುತ್ತಾರೆ. ಅಷ್ಟನ್ನು ವಾಸಪ್ಪನಿಂದ ನಾನೂ ಕಲಿತಿದ್ದೆ. ಸಂಗೀತದವರ ಮಾತು ಸಂಗೀತದವರಿಗೆ ತಿಳಿಯದೆ ಇರುತ್ತದೆಯೇ ಎಂದುಕೊಂಡು, ಇಂಗ್ಲಿಷಿಗೆ ತಿರುಗಿಸಿ, 'ವೈಟ್ ಒನ್' ಎಂದು ಟೈಪು ಮಾಡಿದೆ. ಎರಡೂ ಪದಗಳಿಗೆ ದೊಡ್ಡ ಅಕ್ಷರ ಹಾಕಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅದು ಅರವತ್ತೈದನೇ ಇಸವಿ. ಶರಾವತಿಯ ಅಣೆಕಟ್ಟಿನ ಕೆಲಸ ಮುಗಿದು ಇಂಜಿನಿಯರುಗಳು ಒಬ್ಬೊಬ್ಬರಾಗಿ ಬೇರೆ ಊರಿಗೆ ಹೋಗುತ್ತಿದ್ದರು. ಅವರಿಗಾಗಿ ಸಾಗರದಲ್ಲಿದ್ದ ಕ್ಲಬ್ಬು ಮಾರ್ಚಿಯಲ್ಲಿ ಮುಚ್ಚುವುದೆಂದು, ಪಿಯಾನೋ ಸಮೇತ ಸಾಮಾನೆಲ್ಲ ಹರಾಜಾಗುವುದೆಂದು ತೀರ್ಮಾನವಾಗಿತ್ತು. ನಾನು ಅಣೆಕಟ್ಟಿನ ಆಫೀಸಿನಲ್ಲಿ ಟೈಪಿಸ್ಟ್. ತೀರ್ಥಹಳ್ಳಿಯಲ್ಲಿ ಸಂಜೆ ಕ್ಲಾಸಿಗೆ ಹೋಗಿ ಟೈಪಿಂಗು, ಇಂಗ್ಲಿಷು ಕಲಿತವಳು. ಕ್ಲಬ್ಬಿನ ಪತ್ರವ್ಯವಹಾರವೂ ನನ್ನ ತಲೆಗೇ ಬಂದು, ಪಿಯಾನೋ ಇದ್ದ ಕೋಣೆಯ ಮೂಲೆಯಲ್ಲೇ ನನಗೊಂದು ಮೇಜು ಹಾಕಿದ್ದರು. ವಾಸಪ್ಪ ಅಲ್ಲಿಯ ಕಾವಲುಗಾರ. ಮೂಕಮ್ಮನಿಗೆ ಹದಿನೆಂಟು. ಈ ಪರೀಕ್ಷೆ ಪಾಸಾದರೆ ಬೆಂಗಳೂರಿನ ಒಂದು ಸಂಗೀತ ಶಾಲೆಯವರು ಹಾಸ್ಟೆಲ್ ಸಮೇತ ಸೀಟು ಕೊಡುವುದಾಗಿ ಒಪ್ಪಿದ್ದರು. ಪಾಸಾಗದಿದ್ದರೆ ಮಾರ್ಚಿಯ ನಂತರ ಅವಳಿಗೆ ಮುಟ್ಟಲು ಪಿಯಾನೋ ಇಲ್ಲ. ಅವಳ ಬಲಗೈಗೆ ಕೆಲಸ ಕೊಡಲು ಊರೂರಲ್ಲಿ ಹಾರ್ಮೋನಿಯಂ ಇದ್ದವು. ಎಡಗೈಗೆ ತಿದಿ ಒತ್ತುವುದು ಬಿಟ್ಟರೆ ನಮ್ಮ ಮೂರು ತಾಲೂಕಿನಲ್ಲಿ ಬೇರೆ ಯಾವ ಕೆಲಸವೂ ಇರಲಿಲ್ಲ.

ವಾಸಪ್ಪ ಹೊಸನಗರದ ಕಡೆಯವನು. ಅವನ ಊರು ಹಿನ್ನೀರಿನಲ್ಲಿ ಮುಳುಗಿತು. ಊರು ಬಿಡುವಾಗ ಗಾಡಿಯಲ್ಲಿ ಜಾಗ ಸಾಲದೆ ಹಾರ್ಮೋನಿಯಂ ಒಂದನ್ನು ತಲೆಯ ಮೇಲೆ ಹೊತ್ತು ತಂದಿದ್ದನಂತೆ. ಅದನ್ನು ನುಡಿಸುವುದೂ, ಬೇರೆಯವರದು ಕೆಟ್ಟರೆ ಸರಿ ಮಾಡುವುದೂ ಅವನಿಗೆ ಗೊತ್ತು. ಮೂಕಮ್ಮ ಏಳು ವರ್ಷದವಳಿದ್ದಾಗಿನಿಂದ ಅವನ ಜೊತೆ ಹೊಸನಗರ, ಮೇಳಿಗೆ, ತೀರ್ಥಹಳ್ಳಿ ಎಂದು ಭಜನೆಗಳಿಗೆ ಹೋಗಿ ನುಡಿಸಿದವಳು. ಭಜನೆಯಲ್ಲಿ ಒಬ್ಬೊಬ್ಬರ ಗಂಟಲು ಒಂದೊಂದು ಕಡೆ. ಯಜಮಾನರು ಕಪ್ಪು ಒಂದರಲ್ಲಿ ಹಾಡಿದ್ದನ್ನೇ ಅವರ ಹೆಂಡತಿ ಬಿಳಿ ಐದರಲ್ಲಿ ಎತ್ತುತ್ತಾರೆ. ನುಡಿಸುವವರು ಕೇಳುವಂತಿಲ್ಲ, ತಡೆಯುವಂತಿಲ್ಲ, ಹುಡುಕಿಕೊಂಡು ಹಿಂದೆ ಹೋಗಬೇಕು. ಅದನ್ನು ಒಂದು ವಿದ್ಯೆ ಎಂದು ಅಪ್ಪ ಮಗಳು ಇಬ್ಬರೂ ಎಣಿಸಿರಲೇ ಇಲ್ಲ.

ಕ್ಲಬ್ಬಿಗೆ ಪಿಯಾನೋ ಬಂದಾಗ ಅದು ಒಂದು ಕಾಲು ಕುಂಟುತ್ತಿತ್ತು. ತಂತಿಗಳೆಲ್ಲ ತುಕ್ಕು ಹಿಡಿದು ತಲೆಗೊಂದು ಸ್ವರ ಹೇಳುತ್ತಿದ್ದವು. ಶ್ರುತಿ ಮಾಡುವವರು ಬೆಂಗಳೂರಿನಿಂದ ಬರಬೇಕು, ಕರೆಸಲು ಮಂಜೂರಾತಿ ಇಲ್ಲ. "ಆಗುಂಬೆಯ ಥಂಡಿಲಿ ಬೂಷ್ಟು ಹಿಡಿದ ಹಾರ್ಮೋನಿಯಂ ಸರಿ ಮಾಡ್ದೋನು ನಾನು, ಇದೆಂತ ಮಹಾ" ಎಂದು ವಾಸಪ್ಪ ಕೈ ಹಾಕಿದ. ತಂತಿ ಬಿಗಿ ಮಾಡಲು ಹೋಗಿ ಎರಡು ತಂತಿ ಕಡಿದವು. ಹದಿನೈದು ದಿನ ಒದ್ದಾಡಿ ಒಂದು ಸಂಜೆ ನನ್ನ ಮೇಜಿನ ಹತ್ತಿರ ಬಂದು ಹೇಳಿದ.

"ಸರಿ ಆತು ಸರೋಜಮ್ಮ. ಬಿಗಿ ಮಾಡಿದ್ರೆ ತಡೆಯಲ್ಲ ಅಂತು. ಎಲ್ಲಾದ್ನೂ ಒಂದು ಮನೆ ಇಳಿಸಿಬಿಟ್ಟೆ. ಒಂದಕ್ಕೊಂದು ಜಗಳ ಇಲ್ಲ ಈಗ."

"ಇಳಿಸಿದರೆ ತೊಂದರೆ ಇಲ್ಲವಾ?"

"ನಾವೇ ಮನೆ ಬಿಟ್ಟು ಇಳಿದು ಬಂದೀವಿ. ಅದು ಒಂದು ಮನೆ ಇಳಿದ್ರೆ ಎಂತ ಆತು?"

ನಾನು ರಿಜಿಸ್ಟರಿನಲ್ಲಿ 'ಪಿಯಾನೋ ದುರಸ್ತಿಯಾಗಿದೆ' ಎಂದು ಬರೆದೆ. ಕುಂಟು ಕಾಲಿನ ಕೆಳಗೆ ಇಡಲು ಒಂದು ಮರದ ಚಕ್ಕೆಯನ್ನು ನಾನೇ ಹುಡುಕಿ ತಂದೆ.

ಎರಡು ದಿನದ ಮೇಲೆ ಇಂಜಿನಿಯರರೊಬ್ಬರ ಹೆಂಡತಿ ಮಿಸೆಸ್ ಡಿಮೆಲ್ಲೊ ಬಂದು ಕುಳಿತು, ಆ ಕೊನೆಯಿಂದ ಈ ಕೊನೆಯವರೆಗೆ ನುಡಿಸಿ ನಕ್ಕರು. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಇದು ಫ್ಲಾಟ್ ಆಗಿದೆ. ಆದರೆ ಎಲ್ಲಾ ಕಡೆ ಒಂದೇ ಸಮ ಫ್ಲಾಟ್ ಆಗಿದೆ, ಆಶ್ಚರ್ಯ" ಎಂದರು. ಫ್ಲಾಟ್ ಎಂದರೆ ಸಮತಟ್ಟು ಎಂದು ಸಂಜೆ ಕ್ಲಾಸಿನಲ್ಲಿ ಕಲಿಸಿದ್ದರು. ನನ್ನ ಚಕ್ಕೆಗೆ ಸಿಕ್ಕ ಮೆಚ್ಚುಗೆ ಎಂದುಕೊಂಡು ಥ್ಯಾಂಕ್ಸ್ ಹೇಳಿದೆ. 'ಮಿಸೆಸ್ ಡಿಮೆಲ್ಲೊ ಅವರು ಪರಿಶೀಲಿಸಿ ಪಿಯಾನೋ ಫ್ಲಾಟ್ ಇರುವುದಾಗಿ ದೃಢಪಡಿಸಿದ್ದಾರೆ' ಎಂದು ರಿಜಿಸ್ಟರಿಗೆ ಸೇರಿಸಿ ಸೆಕ್ರೆಟರಿಯ ರುಜುವನ್ನೂ ತೆಗೆದುಕೊಂಡೆ.

ಮೂಕಮ್ಮನಿಗೆ ಎರಡೂವರೆ ವರ್ಷ ಪಾಠ ಹೇಳಿದವರು ಅವರೇ. ಮೊದಲ ತಿಂಗಳೆಲ್ಲ ತಲೆ ಚಚ್ಚಿಕೊಂಡರು. ಬಲಗೈ ಓಡುತ್ತಿತ್ತು. ಎಡಗೈ ಮಾತ್ರ ಹಾರ್ಮೋನಿಯಮ್ಮಿನ ತಿದಿ ಒತ್ತಿದಂತೆ ಗಾಳಿಯಲ್ಲಿ ಹಿಂದೆ ಮುಂದೆ ಆಡುತ್ತಿತ್ತು. ಬೈದರೆ ನಿಲ್ಲುತ್ತಿತ್ತು, ನಿಂತರೆ ಬಲಗೈಯೂ ನಿಲ್ಲುತ್ತಿತ್ತು. ಕೊನೆಗೆ ನಾನು ಅವಳನ್ನು ಟೈಪ್‌ರೈಟರಿನ ಮುಂದೆ ಕೂರಿಸಿ ಎಡಗೈಗೆ ಎ, ಎಸ್, ಡಿ, ಎಫ್ ಹೊಡೆಸಿದೆ. ಒಂದು ರೀಮು ಕಾಗದ ಹಾಳಾಯಿತು. ಆದರೆ ಕೈ ಬಂತು. ಕಿರುಬೆರಳು ಕೂಡ ಎದ್ದು ಬೀಳುವುದನ್ನು ಕಲಿತಿತು. ಮಿಸೆಸ್ ಡಿಮೆಲ್ಲೊ ನನ್ನನ್ನು ಹೊಗಳಿದಾಗ, ಹೊಗಳಿಕೆ ಅಭ್ಯಾಸವಿಲ್ಲದ ನಾನು ಅದರಲ್ಲಿ ಯಾವ ತಪ್ಪು ಅಡಗಿದೆಯೋ ಎಂದು ಎರಡು ದಿನ ಒದ್ದಾಡಿದ್ದೆ.

ಅವರಿಗೆ ವರ್ಗವಾದ ಮೇಲೂ ಕಾಗದ ಬರೆಯುತ್ತಿದ್ದರು. ಪರೀಕ್ಷೆಗೆ ಮುಂಚೆ ಬಂದ ಕಾಗದದಲ್ಲಿ ಹೀಗಿತ್ತು: 'ನಮ್ಮ ಪಿಯಾನೋ ಫ್ಲಾಟ್ ಎಂಬುದನ್ನು ಮರೆಯಬೇಡಿ. ಒಂದು ದಿನ ಮೊದಲೇ ಮೂಕಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ, ಅಲ್ಲಿಯದು ಅಭ್ಯಾಸವಾಗಲಿ.' ನಮ್ಮದು ಸಮತಟ್ಟಾಗಿದೆ, ಅಲ್ಲಿಯದು ವಾಲಿರಬಹುದು ಎಂದು ನಾನು ಅರ್ಥ ಮಾಡಿಕೊಂಡೆ. ಆದರೂ ಹೇಳಿದ್ದನ್ನು ಮಾಡಬೇಕಲ್ಲ ಎಂದು ಕ್ಲಬ್ಬಿನ ಸೆಕ್ರೆಟರಿ ವೆಂಕಟ್ರಮಣ ಅವರ ಹತ್ತಿರ ಮೂರು ದಿನದ ರಜೆ ಕೇಳಿದೆ. ಆಫೀಸಿನಲ್ಲಿ ನನ್ನ ಮೇಲಿನವರೂ ಅವರೇ.

"ಎರಡು ದಿನ ಸಾಕು. ಮೂರನೇದು ಎಂತಕ್ಕೆ?"

"ಪಿಯಾನೋ ನೋಡಿಕೊಳ್ಳೋದಕ್ಕೆ ಸಾರ್."

"ಹೆಣ್ಣು ನೋಡೋದಕ್ಕೇ ಅರ್ಧ ದಿನ ಸಾಕಾಗ್ತದೆ. ಅದೂ ಉಪ್ಪಿಟ್ಟು ತಿಂದು."

ಇನ್ನೊಮ್ಮೆ ಕೇಳಬಹುದಿತ್ತು. ವಾಲಿದ್ದರೆ ಒಂದು ಚಕ್ಕೆ ಇಟ್ಟರಾಯಿತು ಎಂದುಕೊಂಡು ಬಂದುಬಿಟ್ಟೆ. ಕೈಚೀಲದಲ್ಲಿ ನಿಜವಾಗಿಯೂ ಎರಡು ಚಕ್ಕೆ ಹಾಕಿಕೊಂಡು ರೈಲು ಹತ್ತಿದೆ.

ಪರೀಕ್ಷೆಯ ಹಾಲಿನಲ್ಲಿ ದೊಡ್ಡ ಕಪ್ಪು ಪಿಯಾನೋ ಇತ್ತು. ಪರೀಕ್ಷಕರು ಕೆಂಪು ಮುಖದ, ವಯಸ್ಸಾದ ಇಂಗ್ಲಿಷಿನವರು. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಮಿಸ್ ಪಿಂಟೊ, ಮೂಕಮ್ಮನಿಗೆ ಇಂಗ್ಲಿಷ್ ಸಾಲದೆಂದು ನನ್ನನ್ನೂ ಒಳಗೆ ಬಿಟ್ಟರು. ನಾನು ಮೊದಲು ಬಗ್ಗಿ ಪಿಯಾನೋದ ಮೂರು ಕಾಲನ್ನೂ ನೋಡಿದೆ. ಚೆನ್ನಾಗಿಯೇ ನಿಂತಿತ್ತು. "ಹೆದರಬೇಡ, ಇದೂ ಫ್ಲಾಟ್ ಇದೆ" ಎಂದು ಅವಳ ಕಿವಿಯಲ್ಲಿ ಹೇಳಿದೆ.

ಪರೀಕ್ಷಕರು ಅರ್ಜಿ ಓದುತ್ತಾ ಏಳನೇ ಕಲಮಿಗೆ ಬಂದು ನಿಂತರು. ಮಿಸ್ ಪಿಂಟೊಗೆ ತೋರಿಸಿದರು. ಅವರು ಭುಜ ಹಾರಿಸಿದರು. ಶುರು ಮಾಡು ಎಂದು ಕೈಸನ್ನೆಯಾಯಿತು.

ಮೂಕಮ್ಮ ಕೈ ಇಟ್ಟಳು. ನಾಲ್ಕು ಸ್ವರ ಬಂತು. ಸಟ್ಟನೆ ಕೈ ತೆಗೆದಳು. ಬಾಯಿಗೆ ಹಾಕಿದ ಅನ್ನದಲ್ಲಿ ಕಲ್ಲು ಸಿಕ್ಕಿದಂತೆ ಅವಳ ಮುಖ ಕಿವುಚಿಕೊಂಡಿತು. ಇನ್ನೊಮ್ಮೆ ಇಟ್ಟಳು, ಇನ್ನೊಮ್ಮೆ ತೆಗೆದಳು. ಮರೆತಳೇ? ದಿನಕ್ಕೆ ಹತ್ತು ಸಲ ನುಡಿಸಿದ್ದನ್ನು ಹೇಗೆ ಮರೆತಳು? ಅವಳು ಕಣ್ಣು ಮುಚ್ಚಿ ಒಂದು ಗಳಿಗೆ ಕುಳಿತು, ಎರಡೂ ಕೈಗಳನ್ನು ಒಂದು ಮನೆ ಎಡಕ್ಕೆ ಸರಿಸಿ ಮತ್ತೆ ಶುರು ಮಾಡಿದಳು.

ಈಗ ನಿಲ್ಲಲಿಲ್ಲ. ಸಾಗರದಲ್ಲಿ ಕೇಳುತ್ತಿದ್ದದ್ದೇ ಬಂತು, ಇನ್ನೂ ದುಂಡಾಗಿ ಬಂತು. ಆದರೆ ಬೆರಳುಗಳು ಬೇರೆಯೇ ಕಡೆ ಬೀಳುತ್ತಿದ್ದವು. ನಮ್ಮಲ್ಲಿ ಬಿಳಿಯ ಮೇಲೆ ನಡೆಯುತ್ತಿದ್ದ ಕೈ ಇಲ್ಲಿ ಕಪ್ಪಿನ ಮೇಲೆ ಹತ್ತಿ ಇಳಿಯುತ್ತಿತ್ತು. ಪರೀಕ್ಷಕರು ಕನ್ನಡಕ ತೆಗೆದರು, ಹಾಕಿದರು, ಎದ್ದು ಬಂದು ಅವಳ ಹಿಂದೆ ನಿಂತು ಬೆರಳುಗಳನ್ನೇ ನೋಡಿದರು. ಕೃತಿಯ ಮೂರೂ ಭಾಗ ಮುಗಿದವು.

ಅವರು ಕೇಳಿದ್ದನ್ನು ನಾನು ಹೇಳಿದೆ. "ಮೂಕಮ್ಮ, ಪುಸ್ತಕದಲ್ಲಿ ಸಿ ಅಂತಿದೆ, ನೀನು ಬಿ ಇಂದ ನುಡಿಸಿದೆ, ಯಾಕೆ ಅಂತ ಕೇಳ್ತಿದಾರೆ."

"ಅವರ ಪಿಯಾನೋ ಒಂದು ಮನೆ ಮೇಲಿದೆ ಅಂತ ಹೇಳಿ."

ನಾನು ಎದ್ದು ನಿಂತು, ಒಂದು ಪದವೂ ತಪ್ಪದಂತೆ ಇಂಗ್ಲಿಷಿನಲ್ಲಿ, "ಸರ್, ನಿಮ್ಮ ಪಿಯಾನೋ ಒಂದು ಮನೆಯ ಮೇಲಿದೆ" ಎಂದೆ.

ಅವರು ನೆಲ ನೋಡಿದರು. ಆಮೇಲೆ ಛಾವಣಿ ನೋಡಿದರು. ಮಿಸ್ ಪಿಂಟೊ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

"ಸಿ ಇಂದಲೇ ನುಡಿಸು ಅಂತಿದಾರೆ ಮೂಕಮ್ಮ. ನುಡಿಸಿಬಿಡು ಮಾರಾಯ್ತಿ."

ನುಡಿಸಿದಳು. ನಾಲ್ಕು ಕಡೆ ತಡವರಿಸಿದಳು, ಎರಡನೇ ಭಾಗದಲ್ಲಿ ಪೂರ್ತಿ ನಿಂತುಹೋದಳು.

ಹೊರಗೆ ವರಾಂಡದಲ್ಲಿ ಮಿಸ್ ಪಿಂಟೊ ನನ್ನನ್ನು ಹಿಡಿದರು. ಮಂಗಳೂರಿನವರು, ಕನ್ನಡ ಬರುತ್ತಿತ್ತು.

"ನಿಮ್ಮ ಊರಿನ ಪಿಯಾನೋ ಫ್ಲಾಟ್ ಉಂಟಾ?"

"ಹೌದು ಮೇಡಂ, ಪೂರ್ತಿ ಫ್ಲಾಟ್. ಚಕ್ಕೆ ಇಟ್ಟವಳು ನಾನೇ."

ಅವರು ನನ್ನನ್ನು ಅಲ್ಲಿದ್ದ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ, ಸಂಗೀತದಲ್ಲಿ ಫ್ಲಾಟ್ ಎಂದರೆ ಶ್ರುತಿ ಇಳಿದಿರುವುದು ಎಂದು ಮೆಲ್ಲಗೆ ತಿಳಿಸಿ ಹೇಳಿದರು. ನಮ್ಮ ಪಿಯಾನೋದ ಸಿ ಎಲ್ಲರ ಪಿಯಾನೋದ ಬಿ ಆಗಿತ್ತು. ಮೂಕಮ್ಮನ ಕಿವಿಗೆ ಅದೇ ಸರಿ, ಲೋಕದ್ದು ತಪ್ಪು. ಒಂದು ದಿನ ಮೊದಲೇ ಬಂದಿದ್ದರೆ ಕಿವಿಗೆ ಸ್ವಲ್ಪ ಅಭ್ಯಾಸವಾಗುತ್ತಿತ್ತು. "ಮೂರೂ ಭಾಗವನ್ನು ಹಾಗೆ ನಿಂತ ಹಾಗೆ ಇಳಿಸಿ ನುಡಿಸುವುದು ನನ್ನಿಂದ ಆಗುವುದಿಲ್ಲ, ಅವರಿಂದಲೂ ಆಗುವುದಿಲ್ಲ. ಆದರೆ ಅದಕ್ಕೆ ಮಾರ್ಕಿನ ಕಾಲಮ್ ಇಲ್ಲ, ಏನು ಮಾಡುವುದು?" ಎಂದರು. ಆಮೇಲೆ ಹುಡುಗಿಯ ಹೆಸರನ್ನು ಇನ್ನೊಮ್ಮೆ ಕೇಳಿ, "ಮೂಕಮ್ಮನಾ? ಸಂಗೀತದವಳಿಗೆ?" ಎಂದರು. ಕೊಲ್ಲೂರಿನ ದೇವಿಯ ಹೆಸರು ಎಂದು ವಿವರಿಸುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ರೈಲಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ಕಾಗದ, ಚಕ್ಕೆ, ರಜೆ, ಒಂದನ್ನೂ ಬಿಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಕಡಲೆಕಾಯಿ ಸುಲಿಯುತ್ತಾ ಕುಳಿತಿದ್ದಳು.

"ನೀನಾದರೂ ಪುಸ್ತಕದಲ್ಲಿದ್ದ ಹಾಗೆ ಕಣ್ಣು ಮುಚ್ಚಿ ನುಡಿಸಬಾರದಿತ್ತಾ? ಕೈಗೆ ಗೊತ್ತಿತ್ತಲ್ಲ!"

"ಹೆಂಗೆ ನುಡಿಸದು ಸರೋಜಕ್ಕ? ಹಾಡ್ತಿರೋರು ಒಂದು ಕಡೆ, ನಾನು ಒಂದು ಕಡೆ ಆಗ್ತಿತ್ತು."

"ಅಲ್ಲಿ ಯಾರೇ ಹಾಡ್ತಿದ್ದರು? ನೀನೊಬ್ಬಳೇ ಇದ್ದದ್ದು."

"ಕಿವಿ ಒಳಗೆ ಹಾಡ್ತಾ ಇತ್ತಲ್ಲ. ಗಂಟಲು ಎಲ್ಲಿದ್ಯೋ ಅಲ್ಲಿಗೆ ಹೋಗ್ಬೇಕು ಅಂತ ಅಪ್ಪಯ್ಯ ಹೇಳಿಕೊಟ್ಟಿದ್ದು."

ಇವಳ ಜೊತೆ ವಾದ ಮಾಡುವುದು ಸಾಧ್ಯವೇ? ಬೀರೂರಿನಲ್ಲಿ ಆ ಎರಡು ಚಕ್ಕೆಗಳನ್ನು ಕಿಟಕಿಯಿಂದ ಹೊರಗೆ ಎಸೆದೆ.

ಜನವರಿಯಲ್ಲಿ ಫಲಿತಾಂಶ ಬಂತು. ಫೇಲು. 'ಕೃತಿಯನ್ನು ನಿಗದಿತ ಕೀಯಲ್ಲಿ ನುಡಿಸಿಲ್ಲ' ಎಂದು ಒಂದೇ ಸಾಲು. ಶಾಲೆಯವರು ಸೀಟು ಇಲ್ಲವೆಂದು ಬರೆದರು. ವಾಸಪ್ಪ ಕಾಗದವನ್ನು ತಿರುವಿ ಮುರುವಿ ನೋಡಿ, ಹೋಗಿ ಪಿಯಾನೋದ ಮುಚ್ಚಳ ತೆಗೆದ.

"ಎಂತ ಮಾಡ್ತೀರಿ ವಾಸಪ್ಪಣ್ಣ?"

"ಒಂದು ಮನೆ ಹತ್ತಿಸ್ತೀನಿ. ನಾ ಇಳಿಸಿದ್ದಕ್ಕಲ್ವಾ ಆಗಿದ್ದು."

"ಆರು ವಾರಕ್ಕೆ ಹರಾಜು. ಈಗ ಹತ್ತಿಸಿ ಯಾರಿಗೆ?"

"ಹರಾಜು ಹಿಡಿಯೋರ ಮಕ್ಕಳಾದ್ರೂ ಪಾಸಾಗ್ಲಿ."

ಮೂರು ತಂತಿ ಕಡಿದವು. ಮೂಕಮ್ಮ ಬಂದು ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು. "ಬಿಡಿ ಅಪ್ಪಯ್ಯ. ಅದಕ್ಕೂ ಗಂಟಲು ಅಂತ ಒಂದು ಇರ್ತದೆ." ಆಮೇಲೆ ಕುಳಿತು, ಕಡಿದ ಸ್ವರಗಳನ್ನು ತಪ್ಪಿಸಿಕೊಂಡು ನುಡಿಸಿದಳು. ನಾನು ಟೈಪ್‌ರೈಟರಿನ ಹಿಂದೆ ತಲೆ ತಗ್ಗಿಸಿದೆ. ಹೇಳಬೇಕಾದವಳು ನಾನು, ಹೇಳದೆ ಕೆಡಿಸಿದವಳು ನಾನು. ಅವರಿಬ್ಬರೂ ನನ್ನ ಮೇಲೆ ಸಿಟ್ಟಾಗುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಫೆಬ್ರವರಿಯ ಮೊದಲ ವಾರ ಮಿಸ್ ಪಿಂಟೊ ಅವರ ಇಂಗ್ಲಿಷ್ ಕಾಗದ ಬಂತು. ಬೊಂಬಾಯಿಯ ಗಾಯಕಿಯೊಬ್ಬರು ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತದ ಕಚೇರಿ ಮಾಡುವವರಿದ್ದಾರೆ. ವಯಸ್ಸಾಗಿದೆ, ಗಂಟಲು ದಿನಕ್ಕೊಂದು ಕಡೆ ನಿಲ್ಲುತ್ತದೆ. ಬೆಳಿಗ್ಗೆ ಇದ್ದಲ್ಲಿ ಸಂಜೆ ಇರುವುದಿಲ್ಲ. ಜೊತೆಗೆ ಪಿಯಾನೋ ನುಡಿಸುವವರು ಒಂದು ಮನೆ ಇಳಿಸಿ ಎಂದರೆ ಪುಸ್ತಕ ಬದಲಾಯಿಸಿ ಬರೆದುಕೊಳ್ಳಲು ಎರಡು ದಿನ ಕೇಳುತ್ತಾರೆ. ಇಬ್ಬರು ಬಿಟ್ಟು ಹೋಗಿದ್ದಾರೆ. ನಿಮ್ಮ ಹುಡುಗಿ ಬರುತ್ತಾಳೆಯೇ? ಹದಿನೈದು ದಿನ ನನ್ನ ಮನೆಯಲ್ಲೇ ಇದ್ದು ಸರಿಯಾದ ಪಿಯಾನೋದಲ್ಲಿ ಕಿವಿ ಪಳಗಿಸಿಕೊಳ್ಳಲಿ.

ನಾನು ಅದನ್ನು ನಾಲ್ಕು ಸಲ ಓದಿದೆ. ಅನುಮಾನ ಬಂದ ಒಂದೊಂದು ಪದಕ್ಕೂ ಡಿಕ್ಷನರಿ ನೋಡಿದೆ. ಈ ಸಲ ವೆಂಕಟ್ರಮಣ ಅವರ ಮುಂದೆ ಹೋಗಿ, ಇದ್ದ ರಜೆಯನ್ನೆಲ್ಲ ಒಟ್ಟಿಗೆ ಬರೆದುಕೊಟ್ಟು, ಅವರು ಬಾಯಿ ತೆರೆಯುವ ಮೊದಲೇ, "ಹೆಣ್ಣು ನೋಡೋದಕ್ಕಲ್ಲ ಸಾರ್" ಎಂದೆ.

ಆ ಗಾಯಕಿಯ ಜೊತೆ ಮೂಕಮ್ಮ ಕುಳಿತದ್ದನ್ನು ನಾನು ಕಣ್ಣಾರೆ ಕಂಡೆ. ಆಕೆ ಒಂದು ಸಾಲು ಹಾಡಿ, ಕುತ್ತಿಗೆ ಮುಟ್ಟಿಕೊಂಡು, ತಲೆ ಅಲ್ಲಾಡಿಸಿದರು. ಏನಾದರೂ ಹೇಳುವ ಮೊದಲೇ ಮೂಕಮ್ಮನ ಕೈ ಕೆಳಗೆ ಸರಿದಿತ್ತು. ಆಕೆ ಒಮ್ಮೆ ತಿರುಗಿ ನೋಡಿ ಮುಂದಿನ ಸಾಲು ಹಾಡಿದರು. ಎರಡನೇ ಹಾಡಿಗೆ ಮತ್ತೆ ಹತ್ತಿದರು, ಇವಳೂ ಹತ್ತಿದಳು. ತೀರ್ಥಹಳ್ಳಿಯ ಭಜನೆಯಲ್ಲಿ ಹಠಮಾರಿ ಅಜ್ಜಿಯರ ಹಿಂದೆ ಹೋಗುತ್ತಿದ್ದ ಹುಡುಗಿ ಇವಳೇ. ಸೀರೆ ಮಾತ್ರ ಬೇರೆ, ಅದೂ ನನ್ನದು.

ಕಚೇರಿಯ ಮಧ್ಯದಲ್ಲಿ ಗಾಯಕಿ ವಿಶ್ರಾಂತಿ ತೆಗೆದುಕೊಂಡಾಗ ಮೂಕಮ್ಮ ಒಬ್ಬಳೇ ಆ ಪರೀಕ್ಷೆಯ ಕೃತಿಯನ್ನೇ ನುಡಿಸಿದಳು. ಸಿ ಇಂದಲೇ. ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಆಮೇಲೆ ಕೇಳಿದೆ, ಈಗ ಕಿವಿ ಸರಿಯಾಯಿತಾ ಎಂದು.

"ಇಲ್ಲ. ಬೇರೆ ಯಾರೋ ಹಾಡ್ತಿದಾರೆ ಅಂದ್ಕಂಡು ಅವರ ಹಿಂದೆ ಹೋದೆ."

ಮಾರ್ಚಿಯಲ್ಲಿ ಪಿಯಾನೋ ಕಡಿದ ತಂತಿಗಳ ಸಮೇತ ಹರಾಜಾಯಿತು. ಅದೇ ವಾರ ಗಾಯಕಿಯ ಕಡೆಯಿಂದ ದಪ್ಪ ಲಕೋಟೆ ಬಂತು. ಮದ್ರಾಸು, ಕೊಚ್ಚಿ, ಪುಣೆ, ಬೊಂಬಾಯಿ, ನಾಲ್ಕು ಕಚೇರಿಗೂ ಈ ಹುಡುಗಿಯೇ ಬೇಕು, ಎಲ್ಲಾ ಕಡೆ ಒಂದು ಕೃತಿ ಒಂಟಿಯಾಗಿಯೂ ನುಡಿಸಬೇಕು, ಕಾರ್ಯಕ್ರಮದ ಪಟ್ಟಿ ಅಚ್ಚು ಮಾಡಿಸಬೇಕಾದ್ದರಿಂದ ಜೊತೆಗಿರುವ ಫಾರಂ ತುಂಬಿ ಕಳಿಸಿ ಎಂದಿತ್ತು. ನಾನು ಹೊಸ ರಿಬ್ಬನ್ ಹಾಕಿದೆ. ಹೆಸರು, ಊರು, ಹಾಡುಗಳು. ಐದನೇ ಕಲಮಿಗೆ ಬಂದೆ. ಕೀ.

"ಮೂಕಮ್ಮ, ಒಂದೊಂದು ಹಾಡಿಗೂ ಕೀ ಬೇಕಂತೆ. ಸರಿಯಾಗಿ ಹೇಳು. ಬಿಳಿ ಕಪ್ಪು ಬೇಡ, ಎ, ಬಿ, ಸಿ ಅಂತ ಹೇಳು."

ಅವಳು ಹೊಸಿಲ ಮೇಲೆ ಕುಳಿತು ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದಳು.

"ಅವರು ಬಂದು ಬಾಯಿ ಬಿಡೋ ತನಕ ಯಾರಿಗೆ ಗೊತ್ತಾಗ್ತದೆ ಸರೋಜಕ್ಕ? ಖಾಲಿ ಬಿಡಿ."

"ಖಾಲಿ ಬಿಟ್ಟರೆ ಫಾರಂ ವಾಪಸ್ ಬರ್ತದೆ."

"ಬರಲ್ಲ ಬಿಡ್ರಿ ಸರೋಜಮ್ಮ" ಎಂದ ವಾಸಪ್ಪ, ಹಗ್ಗದ ಇನ್ನೊಂದು ತುದಿ ಎಳೆಯುತ್ತಾ. "ಬಂದ್ರೆ ಒಂದು ಮನೆ ಇಳಿಸಿ ಕಳಿಸಿದ್ರಾತು."

ಏಳು ವರ್ಷದ ನೌಕರಿಯಲ್ಲಿ ನಾನು ಒಂದು ಕಲಮನ್ನೂ ಖಾಲಿ ಬಿಟ್ಟು ಕಳಿಸಿದವಳಲ್ಲ. ಅವತ್ತು ಮಾತ್ರ ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸಿ, ಆರನೇ ಕಲಮಿಗೆ ಹೋದೆ.